ಸಾಗವಾನಿ ತೆಳುವು ಮಾಡೋದು, ಬೊಡ್ಡಿಯಿಂದ ಮತ್ತ ಬೆಳೆಸೋದು, ಸಣ್ಣ ಕಟ್ಟಿಗಿನೂ ಬಳಸೋದು: ಪೂರ್ತಿ ಮಾರ್ಗದರ್ಶಿ

ಖಾನಾಪುರ, ಕಿತ್ತೂರು, ಬೈಲಹೊಂಗಲ ಕಡೆ ಸಾಗವಾನಿ ಹಚ್ಚಿ ಎಂಟ್ಹತ್ತು ವರ್ಷ ಆದವರು ಕೇಳೋದು ಒಂದ ಮಾತು: ಗಿಡ ಮ್ಯಾಲಕ್ಕ ಹೋಗ್ಯಾವ, ದಪ್ಪ ಮಾತ್ರ ಆಗವಲ್ವು, ಏನ್ ಮಾಡೋದ್ರಿ. ಕೆಲವರು ತೆಳುವು (ಒತ್ತಾದ ತ್ವಾಟದಾಗ ಕೆಲವು ಗಿಡ ಕಡಿದು ಉಳಿದವಕ್ಕ ಜಾಗ ಮಾಡೋದು) ಮಾಡ್ಯಾರ ಖರೆ, ಆದ್ರ ದಪ್ಪ ಗಿಡ ಕಡಿದು ಮಾರಿ ಸಣಕಲು ಗಿಡ ಉಳಿಸ್ಕೊಂಡಾರ. ಇನ್ನ ಕೆಲವರು ಮಳಿಗಾಲದಾಗ ಕಡಿದು ಬೊಡ್ಡಿ (ಕಡಿದ ಮ್ಯಾಲೆ ನೆಲದಾಗ ಉಳಿಯೋ ಬುಡ) ಹಾಳು ಮಾಡ್ಕೊಂಡಾರ, ಉಳಿದವರು ಹಸಿ ಕಟ್ಟಿಗಿನ ಸೀದಾ ಬಡಿಗ್ಯಾರ ಕಡೆ ಒಯ್ದು ಬಾಗಲಾ ಮಾಡಿಸಿ, ಬ್ಯಾಸಗಿ ಬರೂದ್ರಾಗ ಸಂದು ಬಿಟ್ಟೈತಿ ಅಂತ ಸಾಗವಾನಿಗೇ ಬೈಯಾಕತ್ತಾರ.

ಎಲ್ಲಾದಕ್ಕೂ ಕಾರಣ ಒಂದ, ಕೆಲಸದ ಸರದಿ ಉಲ್ಟಾ ಆಗಿರ್ತೈತಿ. ಮೊದಲ ಕೊಡ್ಲಿ, ಆಮ್ಯಾಲೆ ಕಾಗದ, ಎಲ್ಲಾ ಮುಗಿದ ಮ್ಯಾಲೆ ಗಿರಾಕಿ. ಕಟ್ಟಿಗಿ ಎಲ್ಲಿಗೆ ಹೋಗ್ತೈತಿ ಅನ್ನೋದು ಗಿಡ ನಿಂತಿದ್ದಾಗನ ಗೊತ್ತಿರಬೇಕು. ಅದಕ್ಕ ಕಟ್ಟಿಗಿ ಎಲ್ಲಿಗೆ ಅನ್ನೋ ಹಂತ 10 ಮೊದಲ ಓದ್ಕೊಂಡು, ಕೆಳಗಿನ ಹಂತ ಇದ್ದ ಸರದಿಲೇ ಮಾಡ್ರಿ, ನಡು ನಡು ಬಿಟ್ಟು ಜಿಗೀಬ್ಯಾಡ್ರಿ. ಹಂತ 9ರ ಮದ್ದು ಮಾತ್ರ ಹಂತ 8ರಾಗ ಒಣಗಿಸೋಕಿಂತ ಮೊದಲ ಮಾಡೋದು.

ವಿಜಯಪುರ, ಬಾಗಲಕೋಟಿ ಕಡೆಯವರಿಗೆ ಮೊದಲ ಒಂದ ಮಾತು. ಸಾಗವಾನಿಗೆ ನೀರು ಬಸಿದು ಹೋಗೋ ಆಳದ ಮಣ್ಣು ಬೇಕು. ನೀರು ನಿಲ್ಲೋ ಗಟ್ಟಿ ಎರಿ ಹೊಲದಾಗ, ವರ್ಷಕ್ಕ 600 ಮಿಲಿಮೀಟರ್ ಆಸುಪಾಸಿನ ಮಳಿ ನಂಬ್ಕೊಂಡು ಹಚ್ಚಿದ್ರ, ಎಷ್ಟ ತೆಳುವು ಮಾಡಿದ್ರೂ ಅದು ಕಂಬದ ದಪ್ಪಕ್ಕ ನಿಲ್ಲೂದ ಹೆಚ್ಚು. ಅಂಥಲ್ಲಿ ಕಂಬಕ್ಕಂತನ ಬೆಳಸ್ರಿ, ಮನಿ ತೊಲಿ ಕನಸು ಕಾಣಬ್ಯಾಡ್ರಿ.

## ಏನೇನು ಬೇಕು

ಅಳತಿ ಟೇಪು, ಎರಡು ಬಣ್ಣದ ಪೇಂಟು, ಒಂದ ನೋಟಬುಕ್. ಕಡಿಯಾಕ ಚೂಪಾದ ಗರಗಸ ಇಲ್ಲಾ ಚೈನ್ ಸಾ, ಪ್ಲಾಸ್ಟಿಕ್ ಇಲ್ಲಾ ಕಟ್ಟಿಗಿ ಬೆಣಿ, ಉದ್ದನ ಹಗ್ಗ, ಹೆಲ್ಮೆಟ್ಟು, ಕಣ್ಣಿಗೆ ಗ್ಲಾಸು. ಒಣಗಿಸಾಕ ಮುಕ್ಕಾಲು ಇಂಚಿನ ಒಣ ಪಟ್ಟಿಗಳು, ಹಳೇ ಪೇಂಟು ಇಲ್ಲಾ ಮೇಣ, ಒಂದ ತಕ್ಕಡಿ. ಕಟ್ಟಿಗಿಗೆ ಹುಳ ಹತ್ತದಂಗ ಹಾಕೋ ಮದ್ದಿಗೆ ಪ್ಲಾಸ್ಟಿಕ್ ಬ್ಯಾರಲ್, ರಬ್ಬರ್ ಗ್ಲೌಸು. ತಕ್ಕಡಿ ಯಾಕಂತ ಹಂತ 8ರಾಗ ಗೊತ್ತಾಗ್ತೈತಿ, ಎಲ್ಲಾರೂ ಬಿಡೋ ಸಾಮಾನು ಅದ.

## ಹಂತ 1: ಎಣಸ್ರಿ, ಅಳೀರಿ

2 ಮೀಟರ್‌ಗೊಂದು ಹಚ್ಚಿದ್ರ ಎಕರೆಕ್ಕ ಸುಮಾರು 1000 ಗಿಡ, 3 ಮೀಟರ್‌ಗೆ ಹಚ್ಚಿದ್ರ ಸುಮಾರು 450. ಸತ್ತವು ಬಿಟ್ಟು ಈಗ ಎಷ್ಟು ನಿಂತಾವ ಎಣಸ್ರಿ. ಆಮ್ಯಾಲೆ ಹೊಲದ ಮೂರ್ನಾಕು ಕಡೆ ಸಾಲಾಗಿ ಇಪ್ಪತ್ತಿಪ್ಪತ್ತು ಗಿಡದ ಸುತ್ತಳತೆ ತಗೋರಿ, ನೆಲದಿಂದ ನಾಕೂವರಿ ಅಡಿ ಎತ್ತರಕ್ಕ, ಎಲ್ಲಾ ಗಿಡಕ್ಕೂ ಅದ ಎತ್ತರಕ್ಕ. ಬದುವಿನ ಮ್ಯಾಲಿನ ಗಿಡ ಬ್ಯಾರೆ ಪುಟದಾಗ ಬರೀರಿ, ಅವಕ್ಕ ಬಿಸಲು ಜಾಸ್ತಿ ಸಿಗ್ತೈತಿ, ನಡು ಹೊಲದ ಗಿಡದ ಜೋಡಿ ಕಲಸಿದ್ರ ಲೆಕ್ಕ ಸುಳ್ಳಾಗ್ತೈತಿ.

ತೆಳುವು ಮಾಡೋದು ತಡ ಆಗೈತಿ ಅನ್ನಾಕ ಗುರುತು ನೋಡ್ರಿ. ನೆತ್ತಿ ನೆತ್ತಿ ಕೂಡಿ ಆಕಾಶ ಕಾಣಂಗಿಲ್ಲ, ಕೆಳಗ ಹುಲ್ಲು ಸೈತ ಹುಟ್ಟಂಗಿಲ್ಲ, ಹಸಿರು ಟೊಂಗಿ ಗಿಡದ ಎತ್ತರದಾಗ ಮೂರರಾಗ ಒಂದ ಪಾಲಿಗಿಂತ ಕಮ್ಮಿ ಉಳದಾವ. ಈ ಕೊನೀದು ಇತ್ತಂದ್ರ ಒಮ್ಮೆಲೇ ಜಾಸ್ತಿ ಕಡೀಬ್ಯಾಡ್ರಿ, ಯಾಕಂತ ಹಂತ 4ರಾಗ ಹೇಳ್ತೇನಿ.

## ಹಂತ 2: ಬಿಳಿ ಎಷ್ಟು, ಕೆಚ್ಚು ಎಷ್ಟು ಅಂತ ಮೊದಲ ತಿಳ್ಕೋರಿ

ಇಡೀ ವ್ಯವಹಾರ ನಿಂತಿರೋದು ಇದರ ಮ್ಯಾಲೆ. ಸಾಗವಾನಿಗೆ ಗೆದ್ದಲ ಹತ್ತಂಗಿಲ್ಲ ಅಂತಾರಲ್ಲ, ಅದು ಒಳಗಿನ ಕೆಚ್ಚಿಗೆ ಹೇಳಿದ ಮಾತು, ಹೊರಗಿನ ಬಿಳಿ ಕಟ್ಟಿಗಿಗೆ ಅಲ್ಲ. ಬಿಳಿಗೆ ಗೆದ್ದಲೂ ಹತ್ತೈತಿ, ಕುಟ್ಟಿ ಹುಳನೂ ಹತ್ತೈತಿ.

ಗಾಳಿಗೆ ಬಿದ್ದ ಇಲ್ಲಾ ಒಣಗಿದ ಗಿಡದ ಒಂದ ತುಂಡು ಸಿಕ್ರ ಅಡ್ಡ ಕೊಯ್ದು ನೋಡ್ರಿ. ಐದ ಇಂಚು ಅಡ್ಡಳತಿ ಐತಿ, ಸುತ್ತಲೂ ಒಂದ ಇಂಚು ಬಿಳಿ ಐತಿ ಅಂತ ತಿಳೀರಿ. ನೋಡಾಕ ಕೆಚ್ಚು ಭಾಳ ಕಾಣ್ತೈತಿ, ಆದ್ರ ಒಳಗ ಉಳಿದಿದ್ದು ಮೂರ ಇಂಚು, ಲೆಕ್ಕ ಹಾಕಿದ್ರ ನೂರಕ್ಕ 36 ಪಾಲು ಅಷ್ಟ. ಉಳಿದ 64 ಪಾಲು ಬಿಳಿ. ಎಂಟ ಇಂಚಿನ ಗಿಡದಾಗ ಅದ ಒಂದ ಇಂಚು ಬಿಳಿ ಇದ್ರ ಕೆಚ್ಚು 56 ಪಾಲು ಆಗ್ತೈತಿ. ಸಣ್ಣ ಗಿಡಕ್ಕೂ ದೊಡ್ಡ ಗಿಡಕ್ಕೂ ರೇಟಿನಾಗ ಅಷ್ಟು ಫರಕ್ ಯಾಕ ಅಂತ ಜಗಳ ಆಡೋರು ಇದೊಂದು ಲೆಕ್ಕ ಹಾಕಿ ನೋಡ್ರಿ.

ಯುರೋಪಿನಾಗ ಚೆಸ್ಟ್‌ನಟ್ ಗಿಡ ಬುಡಕ್ಕ ಕಡಿದು, ಬಂದ ಚಿಗುರಿನ ತೆಳು ಕೋಲು ಸೀಳಿ ಬೇಲಿ ಕಂಬ ಮಾಡ್ತಾರ, ಇಂಗ್ಲೆಂಡಿನ ಕೆಂಟ್, ಸಸೆಕ್ಸ್ ಕಡೆ ಅದು ಹಳೇ ಕಸುಬು. ಅದನ್ನ ಕೇಳಿ ನಮ್ಮ ಸಾಗವಾನಿನೂ ಹಂಗ ಮಾಡ್ಬೌದಲ್ಲ ಅಂತ ಕೇಳ್ತಾರ. ಬೆಳೆಸೋ ರೀತಿ ಹೌದು, ಬಳಸೋ ರೀತಿ ಅಲ್ಲ. ಚೆಸ್ಟ್‌ನಟ್‌ನಾಗ ಬಿಳಿ ಭಾಳ ಕಮ್ಮಿ, ಕೆಚ್ಚು ಲಗೂನ ಕೂಡ್ತೈತಿ, ಅದಕ್ಕ ತೆಳು ಕಂಬನೂ ಮಣ್ಣಾಗ ಬಾಳ್ತೈತಿ. ನಮ್ಮ ಎಂಟು ವರ್ಷದ ಸಾಗವಾನಿ ಕಂಬ ಮದ್ದಿಲ್ದ ಹುಗದ್ರಿ ಅಂದ್ರ ಮಣ್ಣಿನ ಮಟ್ಟಕ್ಕ ಮೊದಲ ಕೊಳೀತೈತಿ.

## ಹಂತ 3: ಕಾಗದ

ಹೊಲ ನಮ್ದು, ಗಿಡ ನಮ್ದು, ಆದ್ರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಪ್ರಕಾರ ಸಾಗವಾನಿ ಕಡಿಯಾಕ ಪರವಾನಗಿ ಬೇಕು. ನೀಲಗಿರಿ, ಸರ್ವಿಗೆ ವಿನಾಯ್ತಿ ಐತಿ ಅಂತ ಅದನ್ನ ಇದಕ್ಕೂ ಹಚ್ಚಬ್ಯಾಡ್ರಿ. ನಿಮ್ಮ ವಲಯ ಅರಣ್ಯ ಕಚೇರಿಗೆ ಹೋಗಿ ಅರ್ಜಿ ಕೊಡ್ರಿ, ಉತಾರ (ಪಹಣಿ), ನಕಾಶಿ, ಗುರುತಿನ ಚೀಟಿ, ಗಿಡದ ಪಟ್ಟಿ ಜೋಡಿ. ಹಂತ 1ರಾಗ ಅಳತಿ ಬರ್ಕೊಂಡಿದ್ರೆಲ್ಲ, ಆ ಪಟ್ಟಿನ ಇಲ್ಲಿ ಕೆಲಸಕ್ಕ ಬರ್ತೈತಿ. ಉತಾರದಾಗ ಗಿಡದ ನಮೂದು ಇಲ್ಲಾಂದ್ರ ಮೊದಲ ಅದನ್ನ ಮಾಡಿಸ್ರಿ.

ಕಡಿಯೋ ಪರವಾನಗಿ ಬ್ಯಾರೆ, ಸಾಗಿಸೋ ಪಾಸು ಬ್ಯಾರೆ. ಭಾಳ ಮಂದಿ ಸಿಗ ಬೀಳೋದು ಇಲ್ಲೇ, ಕಡಿಯಾಕ ಪರವಾನಗಿ ಐತಿ ಅಂತ ಟ್ರ್ಯಾಕ್ಟರ್ ತುಂಬಿ ಸಾ ಮಿಲ್ಲಿಗೆ ಹೊಂಟು ದಾರ್ಯಾಗ ನಿಂತಿರ್ತಾರ. ಬದುವಿನ ಗಿಡ ಇದ್ರ ಬಾಜು ಹೊಲದವರ ಒಪ್ಪಿಗಿ ಬರವಣಿಗಿಲೇ ತಗೋರಿ, ಹೊಲ ಕಾಡಿಗೆ ಹತ್ತಿದ್ರ ಸರ್ವೆ ಮಾಡಿಸದ ಒಂದ ಟೊಂಗಿನೂ ಮುಟ್ಟಬ್ಯಾಡ್ರಿ. ಯಾಪಾರಿ ಬಂದು "ಎಲ್ಲಾ ನಾ ನೋಡ್ಕೊಂತೇನ್ರಿ ಅಣ್ಣಾರ" ಅಂದ್ರ, ಅರ್ಜಿ ಯಾರ ಹೆಸರಿನ್ಯಾಗ ಹೋಗ್ತೈತಿ ಅಂತ ಒಮ್ಮಿ ಕೇಳ್ರಿ, ನಿಮ್ಮ ಹೆಸರಿನ್ಯಾಗ ಅಂದ್ರ ಪ್ರತಿ ನಿಮ್ಮ ಕೈಯಾಗ ಇರಬೇಕು.

ಈ ಕೆಲಸ ದೀಪಾವಳಿ ಮುಗದ ಕೂಡ್ಲೆ ಸುರು ಮಾಡ್ರಿ. ಶಿವರಾತ್ರಿಗೆ ಪರವಾನಗಿ ಕೈಯಾಗ ಇದ್ರ ಕಡಿಯೋ ಹಂಗಾಮು ಸಿಗ್ತೈತಿ, ಇಲ್ಲಾಂದ್ರ ಮುಂದಿನ ವರ್ಷಕ್ಕ ಇಡ್ರಿ.

## ಹಂತ 4: ಉಳಿಸೋ ಗಿಡಕ್ಕ ಮೊದಲ ಗುರುತು

ಎಲ್ಲಾರೂ ಕಡಿಯೋ ಗಿಡಕ್ಕ ಗುರುತು ಹಾಕ್ತಾರ. ಉಲ್ಟಾ ಮಾಡ್ರಿ. ಸುಣ್ಣದ ಬಣ್ಣ ತಗೊಂಡು ಉಳಿಸೋ ಗಿಡಕ್ಕ ಸುತ್ತಲೂ ಪಟ್ಟಿ ಹೊಡೀರಿ: ನೆಟ್ಟಗ ಐತಿ, ತುದಿ ಮುರದಿಲ್ಲ, ಕೆಳಗ ಹದಿನೈದು ಅಡಿ ತನಕ ಜೋಡಿ ಕವಲು ಇಲ್ಲ, ಬುಡದಾಗ ಗಾಯ ಇಲ್ಲ, ಹುಳದ ತೂತು ಇಲ್ಲ. ಆಮ್ಯಾಲೆ ಅದರ ನೆತ್ತಿಗೆ ಯಾವ ಗಿಡ ಒತ್ತಾಕತ್ತೈತಿ ಅಂತ ತಲಿ ಎತ್ತಿ ನೋಡಿ ಅದಕ್ಕ ಕೆಂಪು ಹೊಡೀರಿ. ಎರಡಕ್ಕೂ ಸೇರದ ಗಿಡ ಹಂಗ ಬಿಡ್ರಿ, ಮುಂದಿನ ಸರತಿಗೆ ಬರ್ತಾವ.

2 ಮೀಟರ್‌ಗೆ ಹಚ್ಚಿದ ತ್ವಾಟದಾಗ ನಾಕೈದು ವರ್ಷಕ್ಕ ಮೊದಲನೇ ಸರತಿ, ಮೂಲಿಗೆ ಮೂಲಿ ಒಂದ ಬಿಟ್ಟು ಒಂದ ಸಾಲು ತಗದ್ರ ಅರ್ಧಕ್ಕರ್ಧ ಹೋಗ್ತೈತಿ. ಎಂಟ್ಹತ್ತು ವರ್ಷಕ್ಕ ಎರಡನೇ ಸರತಿ. ಅಲ್ಲಿಂದ ಮುಂದ ಸಾಲಿನ ಲೆಕ್ಕ ಬಿಟ್ಟು ಗಿಡ ನೋಡಿ ತಗೀಬೇಕು. ನನ್ನ ಕೇಳಿದ್ರ ಇಪ್ಪತ್ತು ವರ್ಷದ ಹೊತ್ತಿಗೆ ಎಕರೆಕ್ಕ 200ಕ್ಕಿಂತ ಜಾಸ್ತಿ ಇಟ್ಕೊಳ್ಳೋದು ಆಶೆ ಅಷ್ಟ.

ಮೊದಲನೇ ಸರತಿ ತಪ್ಪಿಸಿಕೊಂಡು ಹತ್ತು ವರ್ಷಕ್ಕ ಸುರು ಮಾಡೋರು ಇರ್ತೀರಿ. ನೀವು ಒಮ್ಮೆಲೇ ಅರ್ಧ ತಗೀಬ್ಯಾಡ್ರಿ, ಮೂರರಾಗ ಒಂದ ಪಾಲು ತಗದು ಎರಡು ವರ್ಷ ಬಿಟ್ಟು ಮತ್ತ ತಗೀರಿ. ನೆರಳಾಗ ಬೆಳೆದ ತೆಳು ಗಿಡಕ್ಕ ಒಮ್ಮೆಲೇ ಬಿಸಲು ಬಿದ್ರ ಕಾಂಡದ ತುಂಬ ಸಣ್ಣ ಸಣ್ಣ ಟೊಂಗಿ ಹೊಡೀತಾವ, ಒಂದೊಂದು ಟೊಂಗಿ ನಾಳೆ ಒಂದೊಂದು ಗಂಟು. ಮ್ಯಾಲಾಗಿ ಗಾಳಿ ಮಳಿಗೆ ಬಾಗಿ ನಿಂತು ಬಿಡ್ತಾವ. ಹಂಗ ಟೊಂಗಿ ಬಂದಿದ್ರ ಎಳೇದಿದ್ದಾಗ ಕೈಲೇ ಉಜ್ಜಿ ತಗೀರಿ, ದಪ್ಪ ಆದ ಮ್ಯಾಲೆ ಗರಗಸಲೇ ಕೊಯ್ರಿ, ಕೊಡ್ಲಿಲೇ ಹೊಡದ್ರ ತೊಗಟಿ ಕಿತ್ತು ಬರ್ತೈತಿ.

## ಹಂತ 5: ಕಡಿಯೋದು

ಹಂಗಾಮು ಶಿವರಾತ್ರಿಯಿಂದ ಯುಗಾದಿ ಆಸುಪಾಸು, ಎಲಿ ಉದುರಿದ್ದಾಗ. ಕಡಿಯಾಕತ್ತಿದ ಗಿಡದ ಎರಡರಷ್ಟು ಉದ್ದದಾಗ ಯಾರೂ ನಿಂದ್ರಬಾರ್ದು, ದನಾನೂ ಕಟ್ಟಬಾರ್ದು. ಬೀಳೋ ದಿಕ್ಕಿಗೆ ಕಾಂಡದ ಕಾಲು ಭಾಗ ಆಳಕ್ಕ ಕಚ್ಚು ತಗದು, ಹಿಂದಿನಿಂದ ಸ್ವಲ್ಪ ಮ್ಯಾಲೆ ಕೊಯ್ದು, ನಡುವ ತೆಳು ಪಟ್ಟಿ ಬಿಡ್ರಿ, ಅದ ಗಿಡಾನ ಹಿಡದು ಬೇಕಾದ ಕಡೆ ಕೆಡವೋದು. ಅದನ್ನೂ ಕೊಯ್ದ್ರ ಗಿಡ ಯಾವ ಕಡೆ ಹೊಳ್ಳತೈತಿ ಅಂತ ಹೇಳಾಕ ಬರಂಗಿಲ್ಲ.

ಬಾಜು ಗಿಡದಾಗ ಸಿಕ್ಕೊಂಡ್ರ ಆ ಬಾಜು ಗಿಡ ಕಡಿಯಾಕ ಹೋಗಬ್ಯಾಡ್ರಿ, ಹತ್ತಿ ಬಿಡಸಾಕೂ ಹೋಗಬ್ಯಾಡ್ರಿ. ಬುಡಕ್ಕ ಹಗ್ಗ ಕಟ್ಟಿ ದೂರಿಂದ ಎಳೀರಿ.

ಬೊಡ್ಡಿ ಎತ್ತರ ನಾಕರಿಂದ ಆರ ಇಂಚು ಸಾಕು. ಕೂಲಿಯವರು ಬಗ್ಗಾಕ ಬ್ಯಾಸರಾಗಿ ಮಣಕಾಲ ಮಟ್ಟಕ್ಕ ಕಡೀತಾರ, ನಿಂತು ಹೇಳ್ರಿ. ಎತ್ತರ ಬಿಟ್ರ ಎರಡು ನಷ್ಟ: ದಪ್ಪ ತುದಿ ಕಟ್ಟಿಗಿ ಹೊಲದಾಗ ಉಳೀತು, ಚಿಗುರು ಮ್ಯಾಲಿಂದ ಬಂದು ಗಾಳಿಗೆ ಕಿತ್ತು ಹೋಗ್ತೈತಿ. ಮುಖ ಸ್ವಲ್ಪ ಇಳಿಜಾರು ಇರ್ಲಿ, ನೀರು ನಿಲ್ಲಬಾರ್ದು, ಸುತ್ತ ತೊಗಟಿ ಸೀಳಬಾರ್ದು.

## ಹಂತ 6: ಬೊಡ್ಡಿ ಚಿಗುರು ಯಾವಾಗ ಸಾಕೋದು, ಯಾವಾಗ ಬಿಡೋದು

ಸಾಗವಾನಿ ಬೊಡ್ಡಿ ಜೋರಾಗಿ ಚಿಗುರ್ತೈತಿ, ಇದು ಖರೆ. ಆದ್ರ ಅದು ಬಿಸಲು ಬೇಡೋ ಗಿಡ. ದಟ್ಟ ತ್ವಾಟದ ನಡು ತೆಳುವು ಮಾಡಿದ ಬೊಡ್ಡಿ ಚಿಗುರಿದ್ರೂ ಮ್ಯಾಲಿನ ನೆರಳಿಗೆ ಸೊರಗಿ ಹೋಗ್ತೈತಿ, ಉಳಿಸಿದ ಗಿಡದ ನೀರು ಮಾತ್ರ ಕುಡೀತೈತಿ. ಅಲ್ಲಿಯ ಚಿಗುರು ಕಡಿದು ಬುಡಕ್ಕ ಮುಚ್ಚಿಗಿ ಮಾಡ್ರಿ. ಬದುವಿನ ಸಾಲು, ಪೂರ್ತಿ ಕಡಿದ ತುಂಡು ಜಾಗ, ಇಂಥಲ್ಲಿ ಮಾತ್ರ ಸಾಕ್ರಿ.

ಸಾಕೋ ಕಡೆ ಮೊದಲನೇ ಮಳಿಗಾಲ ಏನೂ ಮುಟ್ಟಬ್ಯಾಡ್ರಿ, ಹತ್ತಾರು ಬರ್ಲಿ. ಮುಂದಿನ ಬ್ಯಾಸಗಿಗೆ ಎರಡು ಉಳಿಸ್ರಿ, ಅದರ ಮುಂದಿನ ವರ್ಷ ಒಂದ. ಯಾವ್ದು ಉಳಿಸಬೇಕು ಅಂದ್ರ ಎತ್ತರಂದಲ್ಲ, ಮಣ್ಣಿಗೆ ಹತ್ತಿ ಕೆಳಗಿಂದ ಹುಟ್ಟಿದ್ದು. ಬೊಡ್ಡಿ ಮುಖದ ಅಂಚಿನಿಂದ ಬಂದ ಚಿಗುರು ನೋಡಾಕ ಛಲೋ ಇರ್ತೈತಿ, ಬೊಡ್ಡಿ ಕೊಳೆತ ಕೂಡ್ಲೆ ಬುಡಾನ ಸಡಲ ಆಗ್ತೈತಿ. ಹೆಬ್ಬಟ್ಟು ಹಚ್ಚಿ ಸ್ವಲ್ಪ ಒತ್ತಿ ನೋಡ್ರಿ, ಸಂದಿನಾಗ ಅಳ್ಳಾಡಿದ್ರ ಅದು ಬ್ಯಾಡ.

ಮಿರಗ ಮಳಿ ಬಿದ್ದ ಮ್ಯಾಲೆ ಹೊಸ ಎಲಿ ಜರಡಿ ಆದಂಗ ಕಂಡ್ರ ಗಾಬರಿ ಬ್ಯಾಡ, ಎಲಿ ತಿನ್ನೋ ಹುಳ ಪ್ರತಿ ವರ್ಷ ಬರ್ತೈತಿ, ಗಿಡ ಮತ್ತ ಚಿಗುರ್ತೈತಿ. ದೊಡ್ಡ ಗಿಡಕ್ಕ ಹುಳದ ಎಣ್ಣಿ (ಕೀಟನಾಶಕ) ಹೊಡ್ಯಾಕ ರೊಕ್ಕ ಸುಡಬ್ಯಾಡ್ರಿ. ಕಾಂಡದಾಗ ತೂತು ಬಿದ್ದು ಹುಡಿ ಉದುರಾಕತ್ರ ಅದು ಬ್ಯಾರೆ ರೋಗ, ಆ ಗಿಡ ಮುಂದಿನ ಸರತಿ ಪಟ್ಟಿಗೆ ಹಾಕ್ರಿ.

## ಹಂತ 7: ಅಳತಿ ನಿಮಗ ಬರಬೇಕು

ಕಟ್ಟಿಗಿ ಅಡ್ಡೆದಾಗ ಅಳಿಯೋ ಲೆಕ್ಕ ಹಿಂಗ ಇರ್ತೈತಿ: ನಡು ಸುತ್ತಳತೆ ಇಂಚಿನ್ಯಾಗ ತಗೊಂಡು ನಾಕರಲೇ ಭಾಗಿಸಿ, ಬಂದಿದ್ದನ್ನ ಅದರಲೇ ಗುಣಿಸಿ, ಉದ್ದದ ಅಡಿಲೇ ಗುಣಿಸಿ, 144ರಲೇ ಭಾಗಿಸೋದು. 24 ಇಂಚು ಸುತ್ತಳತೆ, 10 ಅಡಿ ಉದ್ದ ಇದ್ರ ಎರಡೂವರಿ ಘನ ಅಡಿ. ಗಿಡದಾಗ ಖರೇನ ಇರೋ ಕಟ್ಟಿಗಿ ಸುಮಾರು 3.2 ಘನ ಅಡಿ. ಇದು ಮೋಸ ಅಲ್ಲ, ಪದ್ಧತಿನ ಹಂಗೈತಿ, ಕೊಯ್ಯೂದ್ರಾಗ ಹೋಗೋದನ್ನ ಮೊದಲ ತಗದಂಗ. ಮೋಸ ಆಗೋದು ಬ್ಯಾರೆ ಕಡೆ: ತೆಳು ತುದಿಗೆ ಟೇಪು ಹಿಡಿಯೋದು, ತೊಗಟಿ ಅಂತ ಮ್ಯಾಲೆ ಮತ್ತ ಎರಡ ಇಂಚು ಕಳಿಯೋದು, ಇಂಚಿನ ಮ್ಯಾಲಿನ ಚೂರು ಬಿಡೋದು. ಕಟ್ಟಿಗಿ ಹೊಲ ಬಿಡೋಕಿಂತ ಮೊದಲ ನೀವ ಅಳದು ಒಂದೊಂದು ತುಂಡಿಗೂ ನಂಬರ ಬರೀರಿ.

"ಹೊಲ ಪೂರ್ತಿ ಇಷ್ಟು" ಅಂತ ಗುತ್ತಿಗಿ ಕೊಡಬ್ಯಾಡ್ರಿ, ಗುತ್ತಿಗಿ ಹಿಡದವನಿಗೆ ಕೆಂಪು ಬಣ್ಣ, ಸುಣ್ಣದ ಬಣ್ಣ ಎರಡೂ ಒಂದ ಕಾಣ್ತಾವ.

## ಹಂತ 8: ಒಣಗಿಸೋದು

ಕಡಿದ ದಿನಾನ ಎರಡೂ ತುದಿಗೆ ಪೇಂಟು ಇಲ್ಲಾ ಮೇಣ ಬಳೀರಿ. ನೀರು ತುದಿಯಿಂದ ಲಗು ಹೋಗ್ತೈತಿ, ನಮ್ಮ ಬ್ಯಾಸಗಿ ಗಾಳಿಗೆ ನಕ್ಷತ್ರದಂಗ ಸೀಳು ಬಿಡ್ತೈತಿ. ಮಳಿಗಾಲಕ್ಕ ಮೊದಲ ಸಾ ಮಿಲ್ಲಿನಾಗ ಕೊಯ್ಸಿ ಹಲಗಿ ಮಾಡ್ರಿ. ಸಣ್ಣ ದಿಮ್ಮಿ ಉದ್ದಕ್ಕ ಕೊಯ್ಸಬ್ಯಾಡ್ರಿ, ನಾಕೈದು ಅಡಿ ತುಂಡು ಮಾಡ್ರಿ, ಡೊಂಕು ಕಮ್ಮಿ ಆಗ್ತೈತಿ. ನಡುವಿನ ಮೆತ್ತನ ತಿರುಳು ಯಾವ ಹಲಗ್ಯಾಗೂ ಇರಬಾರ್ದು, ಅದು ಇದ್ದ ಹಲಗಿ ಸೀಳೂದ ಸೈ.

ನೆರಳಾಗ, ನೆಲದಿಂದ ಒಂದೂವರಿ ಅಡಿ ಮ್ಯಾಲೆ, ಒಂದ ಸಾಲು ಹಲಗಿ, ಎರಡೆರಡು ಅಡಿಗೆ ಒಂದ ಪಟ್ಟಿ, ಮತ್ತ ಹಲಗಿ. ಪಟ್ಟಿ ಎಲ್ಲಾ ಒಂದರ ಮ್ಯಾಲೆ ಒಂದ ನೆಟ್ಟಗ ಬರಬೇಕು, ಹಿಂದ ಮುಂದ ಆದ್ರ ಹಲಗಿ ಅಲೆಅಲೆ ಆಗ್ತೈತಿ. ಮ್ಯಾಲೆ ಭಾರ ಇಡ್ರಿ. ತಾಡಪತ್ರಿ ಸುತ್ತಿ ಕಟ್ಟೋರಿಗೆ ಹೇಳೋದು: ಮ್ಯಾಲೆ ತಗಡು ಹಾಕ್ರಿ, ಬಾಜು ಗಾಳಿ ಆಡ್ಲಿ, ಇಲ್ಲಾಂದ್ರ ಬೂಜು ಹಿಡೀತೈತಿ.

ಈಗ ತಕ್ಕಡಿ. ನಡು ಗುಡ್ಡಿಯೊಳಗಿಂದ ಒಂದ ಹಲಗಿ ಜಗ್ಗಾಕ ಬರೂವಂಗ ಇಟ್ಟು, ವಾರಕ್ಕೊಮ್ಮಿ ತೂಕ ಮಾಡಿ ಹಲಗಿ ಮ್ಯಾಲ ಪೆನ್ಸಿಲ್‌ಲೇ ಬರೀರಿ. ಮೊದಲ ಜೋರ ಇಳೀತೈತಿ, ಆಮ್ಯಾಲೆ ನಿಧಾನ, ಆಮ್ಯಾಲೆ ಒಂದ ಕಡೆ ನಿಂತು ಬಿಡ್ತೈತಿ. ಮೂರ್ನಾಕು ವಾರ ಹಂಗ ನಿಂತ ಮ್ಯಾಲೆ ಬಡಿಗ್ಯಾರನ ಕರೀರಿ. ಮಳಿಗಾಲದಾಗ ನಿಂತ ತೂಕ ನಂಬಬ್ಯಾಡ್ರಿ, ಹವಾದಾಗ ಪಸಿ ಇರ್ತೈತಿ, ದಸರಾ ಮುಗದ ಮ್ಯಾಲೆ ಮತ್ತ ನೋಡ್ರಿ.

## ಹಂತ 9: ಬಿಳಿ ಕಟ್ಟಿಗಿಗೆ ಮದ್ದು

ಮನಿ ಒಳಗ ಬಳಸೋ ಕಟ್ಟಿಗಿಗೆ ಬೋರಾಕ್ಸು, ಬೋರಿಕ್ ಆಸಿಡ್ ಸಾಕು. 95 ಲೀಟರ್ ನೀರಿಗೆ 3 ಕೆಜಿ ಬೋರಾಕ್ಸು, 2 ಕೆಜಿ ಬೋರಿಕ್ ಆಸಿಡ್, ಬಿಸಿ ನೀರಾಗ ಮೊದಲ ಕರಗಿಸ್ಕೋರಿ. ಇದು ಹಸಿ ಕಟ್ಟಿಗಿಗೆ ಛಲೋ ಇಳೀತೈತಿ, ಹಂಗಾಗಿ ಕೊಯ್ಸಿದ ಕೂಡ್ಲೆ, ಗುಡ್ಡಿ ಹಾಕೋಕಿಂತ ಮೊದಲ ಅದ್ದಿ ತಗೀರಿ. ತಗದ ಮ್ಯಾಲೆ ಕೆಲವು ವಾರ ಒತ್ತಾಗಿ ಜೋಡಿಸಿ ಮುಚ್ಚಿ ಇಟ್ರ ಒಳಗ ಇಳೀತೈತಿ, ಆಮ್ಯಾಲೆ ಹಂತ 8ರಂಗ ಪಟ್ಟಿ ಇಟ್ಟು ಒಣಗಿಸ್ರಿ. ಅಂದ್ರ ಮದ್ದು ಮೊದಲ, ಒಣಗಿಸೋದು ಆಮ್ಯಾಲೆ. ಇದನ್ನ ಹಂತ 8ರ ಹಿಂದ ಬರದಿದ್ದು ಯಾಕಂದ್ರ ಎಲ್ಲಾ ಕಟ್ಟಿಗಿಗೆ ಇದು ಬೇಕಾಗಂಗಿಲ್ಲ. ಪೂರ್ತಿ ಕೆಚ್ಚಿನ ಹಲಗಿಗೆ ಬ್ಯಾಡ.

ಮಳ್ಯಾಗ ಇದು ತೊಳದು ಹೋಗ್ತೈತಿ, ಹಂಗಾಗಿ ಬೇಲಿ ಕಂಬಕ್ಕ, ದ್ರಾಕ್ಷಿ ಪಡಕ್ಕ ಹುಗಿಯೋ ಕಂಬಕ್ಕ ಉಪಯೋಗಿಲ್ಲ. ಅವಕ್ಕ ಒತ್ತಡ ಹಾಕಿ ಮದ್ದು ಏರಿಸೋ ಘಟಕಕ್ಕ ಕಳಸ್ರಿ, ಮನಿ ಹಿತ್ತಲದಾಗ ಆ ಔಷಧ ಕಲಸಬ್ಯಾಡ್ರಿ. ಅನುಮಾನ ಇದ್ರ ಬೆಂಗಳೂರಿನ ಮಲ್ಲೇಶ್ವರದಾಗ ಇರೋ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರನ್ನ ಕೇಳ್ರಿ, ಅವರ ಕೆಲಸಾನ ಅದು. ಕಂಬದ ಬುಡ ಸುಟ್ಟು ಕಪ್ಪು ಮಾಡಿ ಹುಗಿಯೋ ಪದ್ಧತಿ ನಮ್ಮಲ್ಲಿ ಐತಿ, ಅದು ಮ್ಯಾಲಿನ ಸಿಪ್ಪಿ ಅಷ್ಟ, ಒಳಗಿನ ಬಿಳಿ ಹಂಗ ಇರ್ತೈತಿ.

ಬ್ಯಾರಲ್ ನೀರು ದನ ಕುಡಿಯದಂಗ ಮುಚ್ಚಿಡ್ರಿ, ಗ್ಲೌಸ್ ಇಲ್ದ ಕೈ ಹಾಕಬ್ಯಾಡ್ರಿ.

## ಹಂತ 10: ಯಾವ ಕಟ್ಟಿಗಿ ಎಲ್ಲಿಗೆ

ಎಂಟ ಇಂಚು ಮ್ಯಾಲಿನ ದಿಮ್ಮಿ ಮಾರಾಕ ಕಷ್ಟ ಇಲ್ಲ, ಬಾಗಲಾ ಚೌಕಟ್ಟು, ಕಿಟಕಿ. ಪ್ರಶ್ನೆ ಇರೋದು ಮೂರರಿಂದ ಏಳ ಇಂಚಿಂದು.

ಮೂರ್ನಾಕು ಇಂಚಿನ ನೆಟ್ಟನ ಕೋಲು: ದನದ ಕೊಟ್ಟಗಿ ಚಾವಣಿ, ಒಣದ್ರಾಕ್ಷಿ ಶೆಡ್ಡಿನ ಮ್ಯಾಲಿನ ಅಡ್ಡ ಗಳ, ನರ್ಸರಿ ನೆರಳು ಪರದಿ. ಮಣ್ಣಿಗೆ ಹತ್ತದ ಜಾಗಕ್ಕ ಮಾತ್ರ. ಕಬ್ಬಿಣದ ಪಾದ ಇಲ್ಲಾ ಸಿಮೆಂಟ್ ಗುದ್ದಿ ಮ್ಯಾಲೆ ನಿಂದರಸ್ರಿ. ತಿಕೋಟಾ, ಅಥಣಿ ಕಡೆ ಶೆಡ್ಡಿನವರನ್ನ ಹಂಗಾಮಿಗೆ ಎರಡು ತಿಂಗಳು ಮೊದಲ ಕೇಳ್ರಿ, ಹಣ್ಣು ಕೊಯ್ಯೋ ಹೊತ್ತಿಗೆ ಹೋದ್ರ ಅವರು ಕಬ್ಬಿಣ ತಂದು ಹಾಕಿರ್ತಾರ.

ಐದರಿಂದ ಏಳ ಇಂಚು: ತುಂಡು ಹಲಗಿ ಅಂಚಿಗೆ ಅಂಚು ಅಂಟಿಸಿ ಅಗಲ ಹಲಗಿ ಮಾಡೋದು. ಮೇಜಿನ ಮ್ಯಾಲ್ಭಾಗ, ಕಪಾಟಿನ ಬಾಗಲಾ, ಮೆಟ್ಟಲ ಹಾಸು ಎಲ್ಲಾ ಆಗ್ತಾವ, ನನಗ ಕೇಳಿದ್ರ ಸಣ್ಣ ಸಾಗವಾನಿಗೆ ಹೆಚ್ಚು ಬೆಲಿ ತರೋ ದಾರಿ ಇದ. ಬಡಿಗ್ಯಾರು "ಸಾಗವಾನಿಗೆ ಅಂಟು ಹಿಡ್ಯಂಗಿಲ್ರಿ" ಅಂತಾರ, ಕಾರಣ ಅದರಾಗ ಎಣ್ಣಿ ಅಂಶ ಐತಿ. ಹೊಸದಾಗಿ ರಂದಾ ಹೊಡೆದ ಅಂಚನ್ನ ಥಿನ್ನರ್ ಅದ್ದಿದ ಬಟ್ಟಿಲೇ ಒರಸಿ, ಆರಿದ ಕೂಡ್ಲೆ ಅವತ್ತ ಅಂಟಸ್ರಿ, ನಾಳಿಗೆ ಬಿಟ್ರ ಎಣ್ಣಿ ಮತ್ತ ಮ್ಯಾಲೆ ಬರ್ತೈತಿ. ಅದರಾಗ ಉಸುಕಿನ ಅಂಶನೂ ಐತಿ, ಬ್ಲೇಡು ಲಗೂನ ಮೊಂಡ ಆಗ್ತೈತಿ, ಕಾರ್ಬೈಡ್ ಹಲ್ಲಿನ ಬ್ಲೇಡ್ ಹಾಕಸ್ರಿ.

ಬಿಳಿ ಕೆಚ್ಚು ಕೂಡಿದ ಪಟ್ಟಿ: ಹೊರಸಿನ ಚೌಕಟ್ಟು, ಬೀಡಿಂಗು, ಫೋಟೋ ಫ್ರೇಮು, ಕೂಡೋ ಮಣಿ. ಗುದ್ದಲಿ, ಕೊಡ್ಲಿ ಕಾವಿಗೆ ಬ್ಯಾಡ, ಸಾಗವಾನಿ ಹೊಡತಕ್ಕ ತಟ್ಟನ ಮುರೀತೈತಿ, ಅದಕ್ಕ ಜಾಲಿನ ಛಲೋ. ಎತ್ತಿನ ನೊಗಕ್ಕ, ಚಕ್ಕಡಿ ಅಚ್ಚಿಗೂ ಅದ ಮಾತು.

ಹುಡಿ ಕೂಡಿದ್ರ ಮಾಸ್ಕ್ ಹಾಕ್ಕೊಂಡು ತುಂಬ್ರಿ, ಕೆಲವರಿಗೆ ಸಾಗವಾನಿ ಹುಡಿ ಮೈಮ್ಯಾಲೆ ಬಿದ್ರ ತುರಿಕಿ ಬರ್ತೈತಿ. ಮದ್ದು ಹಚ್ಚಿದ ತುಂಡು, ಹುಡಿ ಬ್ಯಾರೆ ಚೀಲದಾಗ ಹಾಕಿ ಮ್ಯಾಲೆ ಬರದಿಡ್ರಿ, ಅದು ಅಡಗಿ ಒಲಿಗೂ ಹೋಗಬಾರ್ದು, ದನದ ಕೊಟ್ಟಗಿ ಹಾಸಿಗೂ ಹೋಗಬಾರ್ದು.